ದ್ಯಾಮಣ್ಣನವರನ್ನು ಎರವಲು ನೀಡುವ ಕುರಿತು

ಬನಶಂಕರಿ ಎರಡನೇ ಹಂತದ ಕಾಲೇಜೊಂದರ ಗ್ರಂಥಾಲಯ ವಿಜ್ಞಾನ ವಿಭಾಗವು ವಿಶ್ವಮಟ್ಟಕ್ಕೆ ಏರಿದ ದಿನದಿಂದ ಅಲ್ಲಿ ಪುಸ್ತಕಗಳಿಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ. ಜಗತ್ತು ಎತ್ತ ಹೋಗುತ್ತದೋ ಶಿಕ್ಷಣವೂ ಅತ್ತ ಹೋಗಬೇಕು. ಜಗತ್ತು ಎತ್ತ ಹೋಗುತ್ತಿದೆ ಎಂಬುದು ವಿಭಾಗದ ಮುಖ್ಯಸ್ಥರಾದ ಡಾ. ಚಿದಾನಂದ್ ಅವರಿಗೆ ವಿದೇಶದ ಸಮ್ಮೇಳನಗಳಲ್ಲಿ ಕಾಲಕಾಲಕ್ಕೆ ತಿಳಿದುಬರುತ್ತಿತ್ತು.

ಈ ಬೆಳವಣಿಗೆಯನ್ನೆಲ್ಲ ಕಣ್ಣಾರೆ ಕಂಡು ಕೈಯಾರೆ ಮೊಳೆ ಹೊಡೆದವರು ಅಟೆಂಡರ್ ದ್ಯಾಮಣ್ಣ. ಮೂವತ್ತನಾಲ್ಕು ವರ್ಷದ ಹಿಂದೆ ಅವರು ಕೆಲಸಕ್ಕೆ ಸೇರಿದಾಗ ಬಾಗಿಲ ಮೇಲೆ ‘ಗ್ರಂಥಾಲಯ ಶಾಸ್ತ್ರ ವಿಭಾಗ’ ಎಂಬ ಮರದ ಬೋರ್ಡಿತ್ತು. ಹೊರದೇಶಗಳಲ್ಲಿ ಬರೀ ಗ್ರಂಥಾಲಯ ಸಾಲದು, ಮಾಹಿತಿಯೂ ಬೇಕು ಎನ್ನುತ್ತಿದ್ದಾರೆಂದು ತಿಳಿದಾಗ ‘ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ’ ಎಂಬ ತಗಡಿನ ಬೋರ್ಡು ಬಂತು. ಅಲ್ಲಿ ಗ್ರಂಥಾಲಯ ಎಂಬ ಪದವನ್ನೇ ಕೈಬಿಡುತ್ತಿದ್ದಾರೆಂದು ಗೊತ್ತಾದ ಕೂಡಲೇ ‘ಮಾಹಿತಿ ಶಾಲೆ’ ಎಂಬ ಪ್ಲಾಸ್ಟಿಕ್ ಬೋರ್ಡು. ಈಗಿರುವುದು ಒಳಗೆ ದೀಪ ಉರಿಯುವ ‘ದತ್ತಾಂಶ ಹಾಗೂ ಜ್ಞಾನ ನಾವೀನ್ಯತಾ ಕೇಂದ್ರ’. ದೀಪ ಉರಿಯುವುದಿಲ್ಲ, ಆ ಮಾತು ಬೇರೆ. ದ್ಯಾಮಣ್ಣ ಮಾತ್ರ ಪ್ರತಿ ಸಲವೂ ಗೋಡೆಯ ಹಳೆಯ ತೂತುಗಳಿಗೇ ಮೊಳೆ ಹೊಡೆದರು.

ಗ್ರಂಥಾಲಯ ಎಂಬ ಪದ ಹೋದ ಮೇಲೆ ಇಪ್ಪತ್ತೆಂಟು ಸಾವಿರ ಪುಸ್ತಕಗಳು ವಿಭಾಗದ ಹೆಸರಿಗೆ ಹೊಂದುವುದಿಲ್ಲವೆಂದು ಅವನ್ನು ಮೂಟೆ ಕಟ್ಟಿ ಕೋಣನಕುಂಟೆಯ ಗೋದಾಮಿಗೆ ಕಳಿಸಲಾಯಿತು. ಅಲ್ಲಿ ಅವುಗಳ ಸ್ಕ್ಯಾನಿಂಗ್ ನಡೆಯಬೇಕಿತ್ತು. ಸ್ಕ್ಯಾನರ್ ಬರುವುದಿತ್ತು, ಇನ್ನೂ ಬರುವುದಿದೆ. ಅಲ್ಲಿಯವರೆಗೆ ಯಾರಿಗಾದರೂ ಒಂದು ಪುಸ್ತಕ ಬೇಕಾದರೆ ದ್ಯಾಮಣ್ಣನನ್ನು ಕೇಳಬೇಕು. ಅವರು ಕಣ್ಣು ಮುಚ್ಚಿ, ಹದಿನೇಳನೇ ಮೂಟೆ, ಕೆಳಗಿಂದ ಮೂರನೆಯದು ಎಂದು ಹೇಳಿಬಿಡುತ್ತಿದ್ದರು. ದಿನಕ್ಕೆ ನಲವತ್ತು ಜನ ಕೇಳುತ್ತಿದ್ದರು.

ಪಠ್ಯಕ್ರಮದಲ್ಲಿ ಹಳೆಯ ಕಾಲದ ಪ್ರಾಯೋಗಿಕ ಪರೀಕ್ಷೆ ಒಂದು ಮಾತ್ರ ಉಳಿದುಕೊಂಡಿತ್ತು. ಪುಸ್ತಕವನ್ನು ವರ್ಗೀಕರಿಸಿ, ಅದಕ್ಕೊಂದು ನಂಬರ್ ಕೊಟ್ಟು, ಅಕ್ಸೆಷನ್ ರಿಜಿಸ್ಟರ್ ಎಂಬ ದಪ್ಪ ಪುಸ್ತಕದಲ್ಲಿ ದಾಖಲಿಸುವ ಪರೀಕ್ಷೆ. ಇದನ್ನು ಕೈಬಿಡಲು ಸಭೆ ಕರೆಯಬೇಕಿತ್ತು, ಸಭೆಯ ಮುಂದೆ ಹಳೆಯ ಪಠ್ಯಕ್ರಮದ ಪ್ರತಿ ಇಡಬೇಕಿತ್ತು, ಆ ಪ್ರತಿ ಗೋದಾಮಿನಲ್ಲಿತ್ತು. ಹೀಗಾಗಿ ಈ ಮಾರ್ಚಿನಲ್ಲೂ ಪರೀಕ್ಷೆ ನಡೆಯಿತು. ಪುಸ್ತಕಗಳಿಲ್ಲದ ಕಾರಣ, ಪುಸ್ತಕವಲ್ಲದ ಒಂದು ಮಾಹಿತಿ ಮೂಲವನ್ನು ದಾಖಲಿಸಿ ಎಂದು ಪ್ರಶ್ನೆ ಕೊಟ್ಟರು. ಮೊದಲು ಬಂದವರು ಗ್ಲೋಬು, ಗೋಡೆಯ ನಕ್ಷೆ, ಕ್ಯಾಲೆಂಡರುಗಳನ್ನು ಹಿಡಿದುಕೊಂಡರು. ಸಾರಕ್ಕಿ ಸಿಗ್ನಲ್ಲಿನಲ್ಲಿ ಸಿಕ್ಕಿಬಿದ್ದು ತಡವಾಗಿ ಬಂದ ಸ್ಪಂದನಾ ಎಂಬ ವಿದ್ಯಾರ್ಥಿನಿಗೆ ಏನೂ ಉಳಿದಿರಲಿಲ್ಲ. ಮನುಷ್ಯರೂ ಮಾಹಿತಿ ಮೂಲಗಳೇ ಎಂದು ಅವಳ ನೋಟ್ಸಿನಲ್ಲಿ ಸ್ಪಷ್ಟವಾಗಿತ್ತು. ಅಷ್ಟರಲ್ಲಿ ದ್ಯಾಮಣ್ಣ ನೀರು ತಂದರು.

“ಅಂಕಲ್, ನಿಮ್ಮನ್ನೇ ಬರ್ಕೊಳ್ಳಲಾ? ಬೇರೆ ಏನೂ ಸಿಗ್ತಿಲ್ಲ.”

“ಬರ್ಕೊಳಮ್ಮ, ನಂದೇನು ಗಂಟು ಹೋಗುತ್ತೆ,” ಎಂದರು ದ್ಯಾಮಣ್ಣ.

ಅವಳು ವಿಭಾಗದ ಅಸಲಿ ರಿಜಿಸ್ಟರಿನಲ್ಲೇ ಚಂದವಾಗಿ ಬರೆದಳು. ನಂಬರ್ ೨೮೪೧೪. ಶೀರ್ಷಿಕೆ: ದ್ಯಾಮಣ್ಣ. ಸ್ಥಳ: ಸಾರಕ್ಕಿ. ವರ್ಷ: ೧೯೬೫. ಒಂದು ಸಂಪುಟ, ೧೬೪ ಸೆಂಟಿಮೀಟರ್, ಬೈಂಡಿಂಗ್ ಗಟ್ಟಿ. ಬಂದ ಬಗೆ: ಉಡುಗೊರೆ. ಪಕ್ಕದಲ್ಲಿ ‘ಪರಾಮರ್ಶನ ವಿಭಾಗ, ಹೊರಗೆ ಒಯ್ಯುವಂತಿಲ್ಲ’ ಎಂಬ ಕೆಂಪು ಮುದ್ರೆ. ಪರೀಕ್ಷಕರು ಐವತ್ತಕ್ಕೆ ನಲವತ್ತೆಂಟು ಕೊಟ್ಟರು. ಬೆನ್ನಿಗೆ ಚೀಟಿ ಅಂಟಿಸದೇ ಇದ್ದುದಕ್ಕೆ ಎರಡು ಅಂಕ ಹೋಯಿತು. ಡಾ. ಚಿದಾನಂದ್ ಎಂದಿನಂತೆ ಓದದೆ ಸಹಿ ಹಾಕಿದರು.

ದ್ಯಾಮಣ್ಣ ಇದನ್ನು ಮರೆತೇಬಿಟ್ಟರು. ಅವರ ತಲೆಯಲ್ಲಿದ್ದುದು ಮೇ ಮೂವತ್ತೊಂದು, ನಿವೃತ್ತಿಯ ದಿನ. ಹೆಂಡತಿ ಬೈರಮ್ಮ ಸಾರಕ್ಕಿ ಮಾರುಕಟ್ಟೆಯಲ್ಲಿ ಸೊಪ್ಪಿನ ಅಂಗಡಿ ಇಟ್ಟು ಇಪ್ಪತ್ತು ವರ್ಷವಾಗಿತ್ತು. ಈಚೆಗೆ ಮಂಡಿ ಹಿಡಿದುಕೊಂಡು, ಬುಟ್ಟಿ ಎತ್ತಿದರೆ ಜೀವ ಬಾಯಿಗೆ ಬರುತ್ತಿತ್ತು. ಜೂನ್ ಒಂದರಿಂದ ಬುಟ್ಟಿ ನಂದು, ನೀನು ಕೂತ್ಕೊಂಡು ಸೊಪ್ಪು ಬಿಡಿಸು ಎಂದು ದ್ಯಾಮಣ್ಣ ಮಾತು ಕೊಟ್ಟಿದ್ದರು. ಅಂಗಡಿಗೆ ಎರಡನೇ ಸ್ಟೂಲನ್ನೂ ತಂದಿಟ್ಟಿದ್ದರು. ಬೈರಮ್ಮ ಆಗಾಗ ಆ ಖಾಲಿ ಸ್ಟೂಲನ್ನು ನೋಡಿ ಒರೆಸಿಡುತ್ತಿದ್ದರು.

ಕಾಲೇಜು ಬಿಡುವವರು ಯಾರೇ ಆದರೂ ಪುಸ್ತಕ ಬಾಕಿಯಿಲ್ಲವೆಂಬ ನೋ ಡ್ಯೂ ಸರ್ಟಿಫಿಕೇಟ್ ಪಡೆಯಬೇಕು. ಪುಸ್ತಕಗಳಿಲ್ಲದಿದ್ದರೂ ಈ ನಿಯಮ ಇತ್ತು. ಮೇ ಕೊನೆಯ ವಾರ ದ್ಯಾಮಣ್ಣ ಫಾರಂ ಹಿಡಿದು, ರಿಜಿಸ್ಟರ್ ನೋಡಿಕೊಳ್ಳುತ್ತಿದ್ದ ಅಧ್ಯಾಪಕಿ ಮಧುಮತಿಯವರ ಮುಂದೆ ನಿಂತರು. ಮಧುಮತಿ ಒಳ್ಳೆಯವರು, ಆದರೆ ನಿಯಮದ ವಿಷಯದಲ್ಲಿ ಅಪ್ಪ ಬಂದರೂ ಬಿಡುವವರಲ್ಲ. ರಿಜಿಸ್ಟರನ್ನು ಕೊನೆಯ ಪುಟದವರೆಗೆ ತಿರುವಿ ಕನ್ನಡಕ ತೆಗೆದಿಟ್ಟರು.

“ದ್ಯಾಮಣ್ಣ, ನಿಮ್ಮ ಹೆಸರಲ್ಲಿ ಪುಸ್ತಕ ಯಾವ್ದೂ ಬಾಕಿ ಇಲ್ಲ.”

“ಹಂಗಾದ್ರೆ ಸೈನ್ ಹಾಕಿ ಮೇಡಂ.”

“ಆದ್ರೆ ನೀವು ಗೇಟ್ ದಾಟಿದ ತಕ್ಷಣ ೨೮೪೧೪ ಬಾಕಿ ಬೀಳುತ್ತೆ. ಅದನ್ನ ನೀವೇ ತಗೊಂಡು ಹೋದ ಹಾಗಾಗುತ್ತಲ್ಲ.”

ಅದೊಂದು ಗೆರೆ ಹೊಡೆದುಬಿಡಿ ಎಂದು ದ್ಯಾಮಣ್ಣ ಕೇಳುವಂತೆಯೂ ಇರಲಿಲ್ಲ. ರಿಜಿಸ್ಟರಿನಲ್ಲಿ ಹೊಡೆದು ಹಾಕುವಂತಿಲ್ಲ, ತಿದ್ದುವಂತಿಲ್ಲ, ಬಿಳಿ ಬಣ್ಣ ಬಳಿಯುವಂತಿಲ್ಲ. ಮೂವತ್ತನಾಲ್ಕು ವರ್ಷ ಪ್ರತಿ ಹೊಸ ಬ್ಯಾಚಿಗೂ ಇದನ್ನು ಗದರಿ ಹೇಳಿದವರು ಅವರೇ.

ಉಳಿದ ದಾರಿ ಒಂದೇ. ಹಳೆಯ ಪುಸ್ತಕಗಳನ್ನು ತೆಗೆದುಹಾಕುವ ಸಮಿತಿ ಸೇರಬೇಕು. ಸೇರಿತು. ಹೊರಗಿನ ತಜ್ಞರಾಗಿ ನಿವೃತ್ತ ಪ್ರಾಧ್ಯಾಪಕ ಶಾಂತವೀರಪ್ಪ ಅರೆಕೆರೆಯಿಂದ ಆಟೋದಲ್ಲಿ ಬಂದರು. ದ್ಯಾಮಣ್ಣನ ಬೆನ್ನು ತಟ್ಟಿ ನೋಡಿದರು, ಕಿಟಕಿಯ ಬೆಳಕಿಗೆ ತಿರುಗಿಸಿ ನಿಲ್ಲಿಸಿದರು, ಇಪ್ಪತ್ತೆರಡನೇ ಮೂಟೆಯಲ್ಲಿ ಏನಿದೆ ಎಂದು ಕೇಳಿದರು. ದ್ಯಾಮಣ್ಣನಿಗೆ ಅಂದು ಸುಳ್ಳು ಹೇಳುವ ಬುದ್ಧಿ ಬಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಅಷ್ಟು ವರ್ಷದ ಅಭ್ಯಾಸ, ಕಣ್ಣು ಮುಚ್ಚಿ ಅರವತ್ತೊಂದು ಪುಸ್ತಕಗಳ ಹೆಸರನ್ನೂ ಹೇಳಿಬಿಟ್ಟರು. ಸಮಿತಿಯ ವರದಿ ಹೀಗಿತ್ತು:

‘ಸದರಿ ಪ್ರತಿಯು ಹರಿದಿಲ್ಲ. ಹುಳ ಹಿಡಿದಿಲ್ಲ. ಪ್ರತಿದಿನ ಬಳಕೆಯಲ್ಲಿದೆ. ಎರಡನೇ ಪ್ರತಿ ಲಭ್ಯವಿಲ್ಲ. ಆದಕಾರಣ ತೆಗೆದುಹಾಕಲು ಅವಕಾಶವಿರುವುದಿಲ್ಲ.’

ಕಳೆದುಹೋಗಿದೆ ಎಂದು ಬರೆಯಬಹುದೇ ಎಂದು ದ್ಯಾಮಣ್ಣ ಮೆಲ್ಲಗೆ ವಿಚಾರಿಸಿದರು. ಬರೆಯಬಹುದು, ಆದರೆ ಕಳೆದವರು ಅದೇ ಆವೃತ್ತಿಯ ಇನ್ನೊಂದು ಪ್ರತಿಯನ್ನು ತಂದುಕೊಡಬೇಕು ಎಂದು ಮಧುಮತಿ ತಿಳಿಸಿದರು.

ಮೇ ಮೂವತ್ತೊಂದರಂದು ಬೀಳ್ಕೊಡುಗೆ ಸಾಂಗವಾಗಿ ನಡೆಯಿತು. ಶಾಲು, ಹಾರ, ಹಣ್ಣಿನ ಬುಟ್ಟಿ. ಡಾ. ಚಿದಾನಂದ್ ಗದ್ಗದ ಕಂಠದಿಂದ, ದ್ಯಾಮಣ್ಣ ಇಲ್ಲದ ವಿಭಾಗವನ್ನು ಊಹಿಸಲೂ ಆಗದು ಎಂದರು. ಊಹಿಸುವ ಅಗತ್ಯವೂ ಇರಲಿಲ್ಲ. ಪರಾಮರ್ಶನ ಗ್ರಂಥಗಳನ್ನು ಸಂಜೆ ಐದೂವರೆಗೆ ಒಯ್ದು ಬೆಳಿಗ್ಗೆ ಹತ್ತಕ್ಕೆ ಮರಳಿಸಬಹುದೆಂಬ ಹಳೆಯ ರಿಯಾಯಿತಿಯನ್ನು ಮಧುಮತಿಯವರು ಹುಡುಕಿ ತೆಗೆದಿದ್ದರು. ಅದರಂತೆ ದ್ಯಾಮಣ್ಣ ದಿನಾ ಐದೂವರೆಗೆ ಮನೆಗೆ ಹೋದರು, ಹತ್ತಕ್ಕೆ ಬಂದರು. ಸಂಬಳ ನಿಂತಿತು, ಏಕೆಂದರೆ ನೌಕರ ದ್ಯಾಮಣ್ಣ ನಿವೃತ್ತರಾಗಿದ್ದರು. ಬರುವುದು ನಿಲ್ಲಲಿಲ್ಲ, ಏಕೆಂದರೆ ಪುಸ್ತಕ ನಿವೃತ್ತವಾಗುವುದಿಲ್ಲ.

ಮೊದಲ ವಾರ ಇದು ತಮಾಷೆಯಾಗಿಯೇ ಇತ್ತು. ಎರಡನೇ ವಾರ ಬೈರಮ್ಮ ದಂಟಿನ ಸೊಪ್ಪಿನ ಬುಟ್ಟಿಯ ಸಮೇತ ಮಾರುಕಟ್ಟೆಯಲ್ಲಿ ಮುಗ್ಗರಿಸಿ ಬಿದ್ದರು. ದ್ಯಾಮಣ್ಣನಿಗೆ ಸುದ್ದಿ ಮುಟ್ಟಿದಾಗ ಅವರು ಮೂರನೇ ಮೂಟೆಯ ಬಗ್ಗೆ ಯಾರಿಗೋ ಹೇಳುತ್ತಿದ್ದರು. ಜೀವನದಲ್ಲಿ ಮೊದಲ ಬಾರಿಗೆ ಅವರಿಗೆ ಆ ಮೂಟೆಗಳ ಮೇಲೆಲ್ಲ ಕೆಟ್ಟ ಸಿಟ್ಟು ಬಂತು. ಕೊಟ್ಟ ಒಂದು ಮಾತು ನಡೆಸಲಾಗಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು. ಸಂಜೆ ಮನೆಯಲ್ಲಿ ಅವರು ಹೆಂಡತಿಯ ಮಂಡಿಗೆ ಎಣ್ಣೆ ಹಚ್ಚುತ್ತ ಎಲ್ಲವನ್ನೂ ಒಪ್ಪಿಸಿದರು. ಬೈರಮ್ಮ ಪೂರ್ತಿ ಕೇಳಿಸಿಕೊಂಡರು.

ಮರುದಿನ ಹತ್ತು ಗಂಟೆಗೆ ಅವರು ಗಂಡನ ಭುಜ ಹಿಡಿದುಕೊಂಡು ಕುಂಟುತ್ತ ವಿಭಾಗಕ್ಕೆ ಬಂದರು. ಕೂತುಕೊಳ್ಳಲು ಹೇಳಿದರೂ ಕೂರಲಿಲ್ಲ.

“ಮೇಡಂ, ಇಲ್ಲಿಂದ ಪುಸ್ತಕ ತಗೊಂಡು ಹೋಗೋರು ಎಷ್ಟು ದಿನ ಇಟ್ಕೋಬೋದು?”

“ಸದಸ್ಯರಾದ್ರೆ ಹದಿನೈದು ದಿನ, ಬೈರಮ್ಮ.”

“ನನ್ನೂ ಸದಸ್ಯೆ ಮಾಡ್ಕೊಳ್ಳಿ. ನಮ್ಮೆಜಮಾನ್ರನ್ನ ನಾನು ತಗೊಂಡ್ ಹೋಗ್ತೀನಿ.”

ಮಧುಮತಿಯವರು ನಿಯಮ ಪುಸ್ತಕ ತೆರೆದರು. ನೆರೆಹೊರೆಯ ಸಾರ್ವಜನಿಕರೂ ಸದಸ್ಯರಾಗಬಹುದೆಂದು ಅದರಲ್ಲಿತ್ತು. ಈವರೆಗೆ ಯಾರೂ ಆಗಿರಲಿಲ್ಲ, ಅಷ್ಟೆ. ಪರಾಮರ್ಶನದಿಂದ ಎರವಲು ವಿಭಾಗಕ್ಕೆ ಬದಲಾಯಿಸಲು ಮುಖ್ಯಸ್ಥರ ಒಪ್ಪಿಗೆ ಬೇಕಿತ್ತು. ಡಾ. ಚಿದಾನಂದ್ ಕುರ್ಚಿಯಿಂದ ಎದ್ದೇ ನಿಂತರು. ಮನುಷ್ಯರನ್ನೇ ಪುಸ್ತಕದಂತೆ ಎರವಲು ಕೊಡುವುದು ಹೊರದೇಶಗಳಲ್ಲಿ ಈಗ ಶುರುವಾಗಿದೆ, ನಾವು ಹಿಂದೆ ಬೀಳಬಾರದು ಎಂದು ಹೇಳಿ, ಈ ಸಲ ಓದಿಯೇ ಸಹಿ ಹಾಕಿದರು. ಬೈರಮ್ಮನಿಗೆ ಫೋಟೋ ಅಂಟಿಸಿದ ಕಾರ್ಡು ಸಿಕ್ಕಿತು. ಸೂಚನೆಗಳನ್ನು ಮಧುಮತಿ ಓದಿ ಹೇಳಿದರು: ನೆನೆಸಬಾರದು, ಗೀಚಬಾರದು, ಪುಟ ಮಡಚಬಾರದು, ಬೇರೆಯವರಿಗೆ ಕೊಡಬಾರದು. ಬೈರಮ್ಮ ಎಲ್ಲಕ್ಕೂ ತಲೆಯಾಡಿಸಿ, ಕೊನೆಯದಕ್ಕೆ ಎರಡು ಸಲ ಆಡಿಸಿದರು.

ಈಗ ಸೊಪ್ಪಿನ ಅಂಗಡಿಯಲ್ಲಿ ಎರಡು ಸ್ಟೂಲೂ ಭರ್ತಿ. ಪುಸ್ತಕ ಬೇಕಾದ ವಿದ್ಯಾರ್ಥಿಗಳು ಸಾರಕ್ಕಿಗೇ ಹೋಗಿ ಮೂಟೆಯ ನಂಬರು ಕೇಳಿಕೊಂಡು, ಬರುವಾಗ ಒಂದು ಕಟ್ಟು ಮೆಂತ್ಯ ತರುತ್ತಾರೆ. ಇದಕ್ಕೆ ವಿಸ್ತರಣಾ ಸೇವೆ ಎಂದು ಹೆಸರಿಟ್ಟು ಪಠ್ಯಕ್ರಮದಲ್ಲಿ ನಾಲ್ಕು ಕ್ರೆಡಿಟ್ ಕೊಡಲಾಗಿದೆ. ವಿಭಾಗಕ್ಕೆ ಇನ್ನೊಂದು ಹೊಸ ಬೋರ್ಡೂ ಬಂದಿದೆ. ಹಳೆಯ ತೂತುಗಳು ಎಲ್ಲಿವೆಯೆಂದು ಬಲ್ಲವರು ಎರವಲು ಹೋಗಿರುವುದರಿಂದ ಅದು ಗೋಡೆಗೆ ಒರಗಿ ನಿಂತಿದೆ.

ಹದಿನೈದು ದಿನಕ್ಕೊಮ್ಮೆ ಬೈರಮ್ಮ ಗಂಡನನ್ನು ಕರೆತಂದು ಮೇಜಿನ ಮುಂದೆ ನಿಲ್ಲಿಸುತ್ತಾರೆ. ಮಧುಮತಿಯವರು ಒಂದು ಸುತ್ತು ಬಂದು, ಹಾನಿಯಿಲ್ಲವೆಂದು ಬರೆದುಕೊಳ್ಳುತ್ತಾರೆ. ಅವಧಿ ಮುಂದುವರಿಸಲು ಕಾರಣ ಕೊಡಬೇಕು, ಅದಕ್ಕೊಂದು ಕಾಲಂ ಇದೆ. ಕಳೆದ ಸೋಮವಾರವೂ ಅವರು ಪೆನ್ನು ಹಿಡಿದು ಕಾರಣ ಕೇಳಿದರು. ಬೈರಮ್ಮ ಗಂಡನ ಅಂಗಿಯ ಮೇಲಿದ್ದ ಕೊತ್ತಂಬರಿ ಎಲೆಯೊಂದನ್ನು ತೆಗೆದು ಹಾಕಿದರು.

“ಮೂವತ್ನಾಲ್ಕು ವರ್ಷ ನಿಮ್ಮತ್ರಾನೇ ಇತ್ತಲ್ಲ ಮೇಡಂ. ನಾನಿನ್ನೂ ಓದಿ ಮುಗ್ಸಿಲ್ಲ ಅಂತ ಬರ್ಕೊಳ್ಳಿ.”

ಮಧುಮತಿಯವರು ಹಾಗೇ ಬರೆದುಕೊಂಡರು. ದಿನಾಂಕದ ಮುದ್ರೆ ಎಲ್ಲಿದೆಯೆಂದು ಅಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ದ್ಯಾಮಣ್ಣ ಎರಡನೇ ಡ್ರಾಯರಿನಿಂದ ಅದನ್ನು ತಾವೇ ತೆಗೆದು, ಬಾಯಿಂದ ಊದಿ, ಹೆಂಡತಿಯ ಕಾರ್ಡಿನ ಮೇಲೆ ಮುಂದಿನ ಹದಿನೈದು ದಿನಕ್ಕೆ ಒತ್ತಿಕೊಟ್ಟರು.