ವಿಷಯ: ಮುಖದಲ್ಲಿನ ನ್ಯೂನತೆ ಸರಿಪಡಿಸುವ ಬಗ್ಗೆ

ಮಾರುಕಟ್ಟೆಯಲ್ಲಿರುವ ಉನ್ನತ ದರ್ಜೆಯ ಮೂರು ಡಿಜಿಟಲ್ ಕ್ಯಾಮೆರಾಗಳ ಪೈಕಿ ಯಾವುದು ಶ್ರೇಷ್ಠ ಎಂಬ ಪ್ರಶ್ನೆಯನ್ನು ನಮ್ಮೂರಿನ ಗುರುತಿನ ಚೀಟಿ ಕಚೇರಿಯು ಹದಿನಾಲ್ಕು ತಿಂಗಳ ಪರಿಶ್ರಮದ ನಂತರ ಅಂತಿಮವಾಗಿ ಇತ್ಯರ್ಥಪಡಿಸಿದೆ. ಈ ಬಗ್ಗೆ ಇನ್ನು ಮುಂದೆ ಸಾರ್ವಜನಿಕರು ಯಾವುದೇ ಅಭಿಪ್ರಾಯ ಹೊಂದುವ ಅಗತ್ಯವಿರುವುದಿಲ್ಲ.

ಹಳೆಯ ಕ್ಯಾಮೆರಾ ಕೆಟ್ಟಿತ್ತೆಂದು ಹೇಳಲಾಗದು. ಎಡಗಿವಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅದು ತೆಗೆಯುತ್ತಿತ್ತು. ಹನ್ನೊಂದು ವರ್ಷ ಊರಿನ ಯಾರ ಚೀಟಿಯಲ್ಲೂ ಎಡಗಿವಿ ಇರಲಿಲ್ಲ, ಯಾರೂ ಅದನ್ನು ಕೇಳಿಕೊಂಡು ಬಂದಿರಲೂ ಇಲ್ಲ. ಆದರೆ ವರ್ಷದ ಕೊನೆಗೆ ಅನುದಾನ ಉಳಿದುಬಿಟ್ಟಿದ್ದರಿಂದ ಹೊಸದನ್ನು ಕೊಳ್ಳುವುದು ಅನಿವಾರ್ಯವಾಯಿತು. ಮೂರು ಕಂಪನಿಗಳು ಪರೀಕ್ಷೆಗೆಂದು ಒಂದೊಂದು ಕ್ಯಾಮೆರಾ ಕಳಿಸಿದವು. ನಿರ್ದೇಶಕರು, ಲೆಕ್ಕಾಧಿಕಾರಿ ಮತ್ತು ಇಪ್ಪತ್ತೆರಡು ವರ್ಷದಿಂದ ಅಲ್ಲಿ ಫೋಟೋ ತೆಗೆಯುತ್ತಿದ್ದ ಹೆಂಗಸು ಸೇರಿ ಹೋಲಿಕಾ ಸಮಿತಿಯಾಯಿತು.

ನಿಯಮ ಏಳರ ಪ್ರಕಾರ ಕ್ಯಾಮೆರಾಗಳನ್ನು ಮೊದಲು ‘ನೈಜ ಪರಿಸ್ಥಿತಿ’ಯಲ್ಲಿ ಪರೀಕ್ಷಿಸತಕ್ಕದ್ದು. ಅದರಂತೆ ಮೊದಲನೆಯದು ನಿರ್ದೇಶಕರ ನಾದಿನಿಯ ಮದುವೆಗೆ ಹೋಯಿತು. ಎರಡನೆಯದು ಲೆಕ್ಕಾಧಿಕಾರಿಯ ಸಂಸಾರದ ಜೊತೆ ಸಮುದ್ರ ತೀರಕ್ಕೆ ಹೋಗಿ ಹೊಟ್ಟೆ ತುಂಬ ಮರಳು ತುಂಬಿಕೊಂಡು ಬಂತು. ಮೂರನೆಯದು, ಎಲ್ಲಕ್ಕಿಂತ ದುಬಾರಿಯದು, ನಿರ್ದೇಶಕರ ಮನೆಯಲ್ಲೇ ಐದು ತಿಂಗಳು ಉಳಿಯಿತು. ಅವರ ಹೆಂಡತಿ ತಮ್ಮ ಫೋಟೋಗಳನ್ನು ನೋಡಿಕೊಂಡು ಅದರ ಬಗ್ಗೆ ಅತ್ಯಂತ ಅನುಕೂಲಕರ ವರದಿ ನೀಡಿದರು.

ಎರಡನೇ ಹಂತಕ್ಕೆ ಒಬ್ಬ ಸಾಮಾನ್ಯ ನಾಗರಿಕನ ಮುಖ ಬೇಕಿತ್ತು. ನಿರ್ದೇಶಕರು ಹೊರಗೆ ಬಂದು ಸರದಿಯನ್ನು ಉದ್ದಕ್ಕೂ ನೋಡಿ ಒಬ್ಬ ದರ್ಜಿಯ ಮುಂದೆ ನಿಂತರು.

“ನಿಮ್ಮ ಮುಖದಲ್ಲಿ ವಿಶೇಷ ಅಂತ ಏನೂ ಇಲ್ಲ. ಒಳಗೆ ಬನ್ನಿ,” ಎಂದರು.

ಅರವತ್ತೊಂದು ವರ್ಷದ ಆ ದರ್ಜಿಗೆ ಮುಖದಿಂದ ಉಪಕಾರವಾದದ್ದು ಅದೇ ಮೊದಲು. ಪರವೂರಿನಲ್ಲಿದ್ದ ಮಗಳಿಗೆ ಹೆರಿಗೆ ದಿನ ಹತ್ತಿರವಾಗಿತ್ತು. ಅವನ ಚೀಟಿಯ ಅವಧಿ ಮುಗಿದಿತ್ತು, ಚೀಟಿ ಇಲ್ಲದೆ ರೈಲು ಹತ್ತುವಂತಿರಲಿಲ್ಲ. ಈ ನೆಪದಲ್ಲಿ ಬೇಗ ಸಿಕ್ಕೀತೆಂದು ಖುಷಿಯಿಂದ ಸ್ಟೂಲಿನ ಮೇಲೆ ಕೂತ.

ಮೊದಲ ಕ್ಯಾಮೆರಾದಲ್ಲಿ ಅವನು ಇದ್ದ ಹಾಗೇ ಬಂದ: ಸೂಜಿ ನೋಡಿ ನೋಡಿ ಕುಗ್ಗಿದ ಕಣ್ಣು, ಜೋತ ಕೆನ್ನೆ. ಎರಡನೆಯದರಲ್ಲಿ ಸ್ವಲ್ಪ ನೀಲಿಯಾಗಿ ಬಂದ. ಅದಕ್ಕೆ ಮರಳು ಕಾರಣವೆಂದು ಷರಾ ಬರೆಯಲಾಯಿತು. ಮೂರನೆಯದರಲ್ಲಿ ಸುಮಾರು ಮೂವತ್ತೆಂಟು ವರ್ಷದ, ಗಟ್ಟಿ ದವಡೆಯ, ತುಂಬುಗೂದಲಿನ ಗಂಡಸೊಬ್ಬ ಬಂದ. ಹೋಲಿಕೆ ಅಳೆಯುವ ಯಂತ್ರಕ್ಕೆ ಕೊಟ್ಟಾಗ ಮೊದಲ ಫೋಟೋ ದರ್ಜಿಗೆ ಶೇಕಡ ತೊಂಬತ್ತೇಳು ಹೊಂದಿತು. ಮೂರನೆಯದು ಮೂವತ್ತೊಂದು. ಚೀಟಿ ಕೊಡಲು ಕನಿಷ್ಠ ಅರವತ್ತು ಬೇಕು.

ಫೋಟೋ ತೆಗೆಯುವಾಕೆ ಮೊದಲನೆಯದೇ ಒಳ್ಳೆಯದು, ಅದರಲ್ಲಿ ಅವರು ಅವರ ಹಾಗೇ ಇದ್ದಾರೆ ಎಂದಳು. ಪಿಕ್ಸೆಲ್, ತೂಕ, ಲೆನ್ಸು, ಚೀಲ ಎಂಬ ನಾಲ್ಕು ಮಾನದಂಡಗಳಲ್ಲಿ ‘ಅವರ ಹಾಗೇ ಇರುವುದು’ ಎಂಬುದು ಇಲ್ಲವೆಂದು ನಿರ್ದೇಶಕರು ಸೌಮ್ಯವಾಗಿ ತಿದ್ದಿದರು. ಲೆಕ್ಕಾಧಿಕಾರಿ ಇನ್ನೂ ಆಳಕ್ಕೆ ಹೋದ. ಇಷ್ಟು ಬೆಲೆಯ ಕ್ಯಾಮೆರಾ ತಪ್ಪು ತೋರಿಸುತ್ತದೆಂದು ನಾವೇ ಬರೆದರೆ ಆಡಿಟ್‌ನವರಿಗೆ ಏನು ಹೇಳುವುದು? ಕ್ಯಾಮೆರಾ ತಪ್ಪಲ್ಲವಾದರೆ ತಪ್ಪು ಎಲ್ಲಿದೆ? ಮೂವರೂ ತಿರುಗಿ ದರ್ಜಿಯನ್ನು ನೋಡಿದರು.

ಮೂರನೇ ಕ್ಯಾಮೆರಾ ಶ್ರೇಷ್ಠವೆಂದು ಬಹುಮತದಿಂದ ಅಂಗೀಕಾರವಾಯಿತು. ನಾಲ್ಕನೇ ದಿನ ದರ್ಜಿಗೆ ನೋಟಿಸು ಬಂತು: “ತಮ್ಮ ಮುಖವು ಇಲಾಖೆಯ ದಾಖಲೆಗೆ ಶೇ. 31ರಷ್ಟು ಮಾತ್ರ ಹೊಂದುತ್ತಿರುವುದು ಗಮನಕ್ಕೆ ಬಂದಿದೆ. ಸದರಿ ನ್ಯೂನತೆಯನ್ನು ಮೂವತ್ತು ದಿನಗಳೊಳಗೆ ಸ್ವಂತ ಖರ್ಚಿನಲ್ಲಿ ಸರಿಪಡಿಸಿಕೊಂಡು ಮುಖಸಮೇತ ಹಾಜರಾಗತಕ್ಕದ್ದು.”

ಜೊತೆಗಿದ್ದ ಫೋಟೋವನ್ನು ಅವನ ಹೆಂಡತಿ ಕೈ ಒರೆಸಿಕೊಂಡು ಇಸಿದುಕೊಂಡಳು.

“ಇವರು ಯಾರು?”

“ನಾನೇ.”

ಅವಳು ಫೋಟೋ ನೋಡಿದಳು, ಗಂಡನನ್ನು ನೋಡಿದಳು, ಮತ್ತೆ ಫೋಟೋ ನೋಡಿದಳು. “ಮೂವತ್ತೆಂಟರಲ್ಲೂ ನೀವು ಹೀಗಿರಲಿಲ್ಲ,” ಎಂದಳು. ಅದರಲ್ಲಿ ದೂರೇನೂ ಇರಲಿಲ್ಲ, ಬರೀ ಮಾಹಿತಿ. ಮರುದಿನ ಫೋಟೋ ಕನ್ನಡಿಯ ಪಕ್ಕ ಏರಿತು, ದರ್ಜಿಯ ಊಟ ಅರ್ಧಕ್ಕಿಳಿಯಿತು.

ಕೂದಲಿಗೆ ಬಣ್ಣ ಹಾಕಿಸಿಕೊಂಡ ಮೇಲೆ ಕಚೇರಿಯ ಯಂತ್ರದಲ್ಲಿ ಹೋಲಿಕೆ ನಲವತ್ತಕ್ಕೆ ಏರಿತು. ಹುಬ್ಬು ತಿದ್ದಿಸಿದ ಮೇಲೆ ನಲವತ್ತನಾಲ್ಕು. ಇಪ್ಪತ್ತು ದಿನದ ಅರೆಹೊಟ್ಟೆ ಐವತ್ತೆಂಟಕ್ಕೆ ತಂದು ನಿಲ್ಲಿಸಿತು. ಅಷ್ಟರಲ್ಲಿ ಮಗಳಿಗೆ ಹೆಣ್ಣುಮಗು ಹುಟ್ಟಿದ ಸುದ್ದಿಯೂ ಬಂತು. ಅಂಗಡಿಯಲ್ಲಿ ಪ್ಯಾಂಟಿನ ಕಾಲು ಮೊಟಕು ಮಾಡುತ್ತಾ ಕೂತ ದರ್ಜಿಗೆ, ಬಟ್ಟೆಯಾಗಿದ್ದರೆ ಅರವತ್ತಕ್ಕೆ ಕಡಿಮೆ ಬಿದ್ದ ಈ ಎರಡು ಅಂಶ ತನ್ನ ಕೈಯಲ್ಲಿ ಅರ್ಧ ಗಂಟೆಯ ಕೆಲಸ ಅನ್ನಿಸಿ ದುಃಖವಾಯಿತು. ಮಗುವಿಗೆಂದು ಹೊಲಿದ ಎರಡು ಅಂಗಿ ಅವನ ಮುಂದೆಯೇ ಇದ್ದವು. ಒಂದು ವಾರ ಕಳೆದರೆ ಚಿಕ್ಕದಾಗುವಂಥವು.

ಮೂವತ್ತನೇ ದಿನ ಕಚೇರಿಯಲ್ಲಿ ಫೋಟೋ ತೆಗೆಯುವಾಕೆ ಅವನ ಅಂಗಿಯ ಕಾಲರು ಸರಿಮಾಡುವ ನೆಪದಲ್ಲಿ ಬಗ್ಗಿ, “ಉಸಿರು ಒಳಗೆ ಎಳ್ಕೊಂಡು ಹಿಡ್ಕೊಳ್ಳಿ. ಕೆನ್ನೆ ಒಳಗೆ ಹೋಗುತ್ತೆ. ನನ್ನ ಚೀಟಿಗೆ ನಾನೂ ಹಾಗೇ ಮಾಡಿದ್ದು,” ಎಂದಳು. ಯಂತ್ರ ಅರವತ್ತೊಂದು ತೋರಿಸಿತು. ನಿರ್ದೇಶಕರು ಎದ್ದು ಬಂದು ಅವನ ಕೈ ಕುಲುಕಿ, ಪ್ರಜೆಗಳು ಮನಸ್ಸು ಮಾಡಿದರೆ ಯಾವ ಕ್ಯಾಮೆರಾಕ್ಕೂ ಸಮ ಬರಬಲ್ಲರೆಂದು ಹೇಳಿದರು. ಉಸಿರು ಹಿಡಿದಿದ್ದರಿಂದ ದರ್ಜಿ ಉತ್ತರಿಸಲಿಲ್ಲ.

ರೈಲಿನಲ್ಲಿ ಹೋಲಿಕೆ ಯಂತ್ರದ ತಪಾಸಣೆ ಎರಡು ಸಲ ಆಯಿತು, ಎರಡು ಸಲವೂ ಅವನು ಉಸಿರು ಕಟ್ಟಿ ಪಾರಾದ. ಆ ಹೆದರಿಕೆಯಲ್ಲೇ ಮಗಳ ಮನೆಯ ಬಾಗಿಲನ್ನೂ ಉಸಿರು ಹಿಡಿದೇ ತಟ್ಟಿದ. ಬಾಗಿಲು ತೆಗೆದ ಮಗಳು ಯಾರು ಬೇಕಿತ್ತೆಂದು ವಿನಯದಿಂದ ಕೇಳಿದಳು. ಅವನು ಉಸಿರು ಬಿಟ್ಟ. ಕೆನ್ನೆ ಜೋತುಬಿತ್ತು.

“ಅಪ್ಪ,” ಎಂದು ಅವಳು ಮಗುವನ್ನು ಅವನ ತೋಳಿಗೆ ಹಾಕಿದಳು. ಅಂಗಿ ಸರಿಯಾಗಿಯೇ ಆಯಿತು.

ಹದಿನೆಂಟು ದಿನ ಮಗಳು ಅಪ್ಪನಿಗೆ ಹೊಟ್ಟೆ ತುಂಬ ಊಟ ಹಾಕಿದಳು. ಬಡಿಸುವಾಗ ಅವನೂ ಬೇಡವೆನ್ನಲಿಲ್ಲ. ವಾಪಸು ಬರುವಾಗ ಎಷ್ಟು ಉಸಿರು ಎಳೆದರೂ ನಲವತ್ತೇಳಕ್ಕಿಂತ ಮೇಲೆ ಹೋಗಲಿಲ್ಲ. ತಪಾಸಣೆಯವನು ಸಿಟ್ಟಾಗಲಿಲ್ಲ. ಹೊಂದಿಕೆಯಾಗದವರಿಗೆ ಕೊನೆಯ ಬೋಗಿ ಎಂದು ಹೇಳಿ ದಾರಿ ತೋರಿಸಿದ.

ಕೊನೆಯ ಬೋಗಿ ಕಿಕ್ಕಿರಿದಿತ್ತು. ಜನ ಆರಾಮವಾಗಿ ಉಸಿರಾಡುತ್ತಾ ಹರಟುತ್ತಿದ್ದರು. ಕಿಟಕಿಯ ಪಕ್ಕ ನಿರ್ದೇಶಕರು ಕೂತಿದ್ದರು. ಸರಿದು ಜಾಗ ಮಾಡಿಕೊಟ್ಟರು.

“ಮದುವೆ ಮನೆಯಿಂದ ಬರ್ತಿದ್ದೀನಿ. ಊಟ ಸ್ವಲ್ಪ ಜಾಸ್ತಿ ಆಯ್ತು,” ಎಂದು ತಾವಾಗಿಯೇ ಹೇಳಿ, ಮುಂದಿನ ವರ್ಷ ಇದಕ್ಕಿಂತ ಶ್ರೇಷ್ಠ ಮಾಡೆಲ್ ಬರಲಿದೆಯೆಂದೂ ಸಮಿತಿ ಈಗಾಗಲೇ ಒಪ್ಪಿಯಾಗಿದೆಯೆಂದೂ ತಿಳಿಸಿದರು.

“ಅದರಲ್ಲಿ ವಯಸ್ಸೆಷ್ಟು ಬರುತ್ತೆ ಸ್ವಾಮಿ?” ದರ್ಜಿ ಕೇಳಿದ.

“ಇಪ್ಪತ್ತೆಂಟು.”

ದರ್ಜಿ ತಲೆಯಾಡಿಸಿದ. ದಾರಿಗೆಂದು ಮಗಳು ಕಟ್ಟಿಕೊಟ್ಟಿದ್ದ ತಿಂಡಿಯ ಪೊಟ್ಟಣ ಬಿಚ್ಚಲು ಹೋದವನು ಬಿಚ್ಚದೆ ನಿರ್ದೇಶಕರಿಗೆ ಕೊಡಹೋದ. ಅವರು ಹೊಟ್ಟೆ ಸವರಿಕೊಂಡು ಎದುರಿನವರಿಗೆ ದಾಟಿಸಿದರು. ಎದುರಿನವರು ವಾಸನೆ ನೋಡಿ, “ಇಪ್ಪತ್ತೆಂಟಂತೆ,” ಎಂದು ತಮ್ಮ ಪಕ್ಕದವರಿಗೆ ಕೊಟ್ಟರು. ಪೊಟ್ಟಣ ಬೋಗಿಯ ಆ ತುದಿಯವರೆಗೆ ಕೈಯಿಂದ ಕೈಗೆ ಹೋಗಿ, ಈ ಬದಿಯ ಸೀಟುಗಳ ಮೇಲಿಂದ ತಿರುಗಿ, ಕಟ್ಟಿದ ದಾರ ಕಟ್ಟಿದ ಹಾಗೇ ದರ್ಜಿಯ ಮಡಿಲಿಗೆ ಬಂತು.