ಐದು ನಿಮಿಷ ಅಲ್ಲಾಡಬೇಡಿ

ಜನರಿಗೆ ಸುಮ್ಮನೆ ಮಲಗುವುದನ್ನು ಕಲಿಸಲು ಹೊರಟವಳಿಗೆ ಇಂಥ ಪ್ರಸಂಗಗಳು ವಾರಕ್ಕೊಂದಾದರೂ ಆಗದೆ ಇರುವುದಿಲ್ಲ. ನಾನು ತಿಪಟೂರಿನ ಪಕ್ಕದ ಊರೊಂದರಲ್ಲಿ ಯೋಗ ಕಲಿಸುತ್ತೇನೆ. ದಸರೆ ಮುಗಿದು ಇಬ್ಬನಿ ಬೀಳತೊಡಗಿದರೆ ಇಲ್ಲಿ ಎಲ್ಲರಿಗೂ ಮಂಡಿ, ಸೊಂಟ ನೆನಪಾಗುತ್ತವೆ. ಅದಕ್ಕೆಂದೇ ದಿನಾ ಬೆಳಿಗ್ಗೆ ಯಿನ್ ಯೋಗ ಶುರು ಮಾಡಿದೆ: ದಿಂಬಿನ ಆಸರೆಯಲ್ಲಿ ಒಂದೊಂದು ಭಂಗಿಯಲ್ಲೂ ಐದು ನಿಮಿಷ ಅಲ್ಲಾಡದೆ ಇರುವುದು.

ಸಮುದಾಯ ಭವನದ ಅಧ್ಯಕ್ಷರು, "ಮಲಗಾಕೆ ಹಾಲ್ ಯಾಕಮ್ಮ? ದೀಪಾವಳಿ ಗಂಟ ನೋಡ್ತೀನಿ, ಆಮೇಲೆ ಬೀಗ," ಎಂದು ಕೀಲಿ ಕೊಟ್ಟಿದ್ದರು. ನನ್ನ ಮನೆಯ ಹಜಾರದಲ್ಲಿ ಮೂರು ಚಾಪೆಗೂ ಜಾಗವಿಲ್ಲ. ಹಾಲ್ ಹೋದರೆ ಕ್ಲಾಸೂ ಹೋದಂತೆಯೇ. ಆ ಭಯ ನನಗೆ ನಿಜವಾಗಿಯೂ ಇತ್ತು.

ಕಾಲಿಗೆ ಹೇಳಿದ್ದು

ಕೊಬ್ಬರಿ ಒಡೆಯುವ ಕೆಲಸದ ಹೆಂಗಸೊಬ್ಬರು ಕ್ಲಾಸಿಗೆ ಸೇರಿದರು. ಕಣ್ಣು ಮುಚ್ಚಿ ಕಾಲು ಚಾಚಿ ಮಲಗಿ ಎಂದೆ. ಮಲಗಿದರು. ಎರಡು ನಿಮಿಷಕ್ಕೆ ಸರ್ರ್, ಸರ್ರ್ ಎಂಬ ಸದ್ದು. ನೋಡಿದರೆ ಚಾಪೆಯ ಜೊತೆ ಒಂದು ಹೊರೆ ತೆಂಗಿನ ಗರಿ ತಂದಿದ್ದಾರೆ. ಕಣ್ಣು ಮುಚ್ಚಿಯೇ ಗರಿ ಸೀಳಿ ಕಡ್ಡಿ ತೆಗೆಯುತ್ತಿದ್ದಾರೆ.

"ಅಲ್ಲಾಡಬೇಡಿ ಅಂದಿದ್ದೆನಲ್ಲಮ್ಮ?"

"ಕಾಲು ಅಲ್ಲಾಡ್ತಾ ಐತೇನ್ರೀ ಮಿಸ್? ಕೈ ಸುಮ್ನೆ ಬಿದ್ದಿತ್ತು, ಅದ್ಕೆ."

ಮರುದಿನ ಇನ್ನೂ ಮೂವರು ಗರಿ ತಂದರು. ಆ ವಾರ ಯಾರ ಸೊಂಟವೂ ಸಡಿಲವಾಗಲಿಲ್ಲ. ಹಾಲ್‌ಗೆ ಮಾತ್ರ ನಾಲ್ಕು ಹೊಸ ಪೊರಕೆ ಬಂದವು.

ಮರವಿಲ್ಲದ ಆಸನ

ಮರ ಹತ್ತಿ ಕಾಯಿ ಕೀಳುವವರೊಬ್ಬರು ಮಂಡಿ ನೋವೆಂದು ಬಂದರು. ಮಲಗಿ ಎರಡೂ ಅಂಗಾಲು ಜೋಡಿಸಿ ಮಂಡಿಗಳನ್ನು ಅಗಲಿಸುವ ಭಂಗಿ ತೋರಿಸಿ, ಇದು ಮೊದಮೊದಲು ಕಷ್ಟ, ಹೆದರಬೇಡಿ ಎಂದು ಧೈರ್ಯ ತುಂಬಿದೆ. ಅವರು ಸಲೀಸಾಗಿ ಹಾಗೆಯೇ ಮಲಗಿಬಿಟ್ಟರು.

"ಮೇಡಂ, ಹಿಂಗೇ ಅಂಗಾಲು ಜೋಡ್ಸಿ ದಿನಕ್ಕೆ ಮೂವತ್ತು ಮರ ಹತ್ತೀನಿ."

ನನಗೆ ನಾಚಿಕೆಯಾಯಿತು. ಆದರೂ ಕಲಿಸುವವಳಲ್ಲವೇ, ಐದು ನಿಮಿಷ ಇರಿ ಎಂದೆ. ಒಂದೇ ನಿಮಿಷಕ್ಕೆ ಎದ್ದು ಕೂತರು. ಯಾಕೆ, ನೋವಾ ಎಂದು ಕೇಳಿದೆ.

"ನೋವೇನಿಲ್ಲ ಬುಡಿ. ಮೇಲೆ ನೋಡಿದ್ರೆ ಬರೀ ಫ್ಯಾನು. ಗೊನೆ ಕಾಣ್ದಿದ್ರೆ ಕಾಲು ನಿಲ್ಲಾಕಿಲ್ಲ ಕಣ್ರೀ."

ಅಧ್ಯಕ್ಷರ ತಪಾಸಣೆ

ದೀಪಾವಳಿಗೆ ಮೂರು ದಿನ ಇರುವಾಗ ಅಧ್ಯಕ್ಷರು ಬಂದರು. ಕುರ್ಚಿ ಹಾಕಿಸಿಕೊಂಡು ಬಾಗಿಲಲ್ಲೇ ಕೂತರು. ಹದಿನಾಲ್ಕು ಜನ ಮಲಗಿದ್ದರು. ಇಂದಾದರೂ ಎಲ್ಲ ಸರಿಯಾಗಿ ನಡೆಯಲಿ ಎಂದು ನಾನು ಕಾಣದ ದೇವರಿಗೆಲ್ಲ ಕೈ ಮುಗಿದೆ. ಗರಿ ಇಲ್ಲ, ಮಾತಿಲ್ಲ, ಪಿಟ್ಟೆಂದರೆ ಕೇಳುವಷ್ಟು ನಿಶ್ಶಬ್ದ.

ಅಷ್ಟರಲ್ಲಿ ಪಕ್ಕದ ತೆಂಗಿನ ತೋಟದಲ್ಲಿ ದೊಪ್ ಎಂದಿತು. ಆ ತೋಟ ಅಧ್ಯಕ್ಷರದ್ದೇ.

ಹದಿನಾಲ್ಕು ತಲೆಯೂ ಒಟ್ಟಿಗೆ ಎದ್ದವು.

"ಒಣಗಿದ ಸೋಗೆ ಕಣೇ," ಎಂದರು ಒಬ್ಬರು.

"ಸೋಗೆಯಲ್ಲ, ಕಾಯಿ. ಬಾವಿ ಪಕ್ಕದ ಮೂರನೇ ಮರದ್ದು," ಎಂದರು ಇನ್ನೊಬ್ಬರು.

ನಾನು ಗದರಿಸಿದೆ. ತಲೆಗಳು ದಿಂಬಿಗೆ ಮರಳಿದವು. ಅಧ್ಯಕ್ಷರು ಎದ್ದು ಹೊರಗೆ ಹೋದರು. ಸ್ವಲ್ಪ ಹೊತ್ತಿಗೆ ಕೈಯಲ್ಲಿ ತೆಂಗಿನಕಾಯಿ ಹಿಡಿದು ಬಂದರು. ನನ್ನ ಕ್ಲಾಸಿನ ಕತೆ ಇಲ್ಲಿಗೆ ಮುಗಿಯಿತು ಎಂದುಕೊಂಡೆ.

"ಬಾವಿ ಪಕ್ಕದ ಮೂರನೇ ಮರದ್ದೇ," ಎಂದರು. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

"ಇವರೆಲ್ಲ ದಿನಾ ಬತ್ತಾರೇನಮ್ಮ?"

"ಒಂದು ದಿನವೂ ತಪ್ಪಿಸಲ್ಲ ಸರ್."

"ಆರೂವರೆಯಿಂದ ಏಳೂವರೆ ಗಂಟ ಒಬ್ರೂ ಎದ್ದು ಹೊರಗೆ ಹೋಗಲ್ಲ?"

"ಇಲ್ಲ ಸರ್. ಅದೇ ಈ ಯೋಗದ ನಿಯಮ."

ಅಧ್ಯಕ್ಷರು ಕಾಯಿಯನ್ನು ಕಂಕುಳಿಗೆ ಸೇರಿಸಿ ದನಿ ತಗ್ಗಿಸಿದರು.

"ನಾನು ತೋಟಕ್ಕೆ ಬರೋದೇ ಏಳೂವರೆಗೆ. ಇಷ್ಟು ವರ್ಷ ಅಷ್ಟೊತ್ತಿಗೆ ಬಿದ್ದ ಕಾಯಿ ಒಂದೂ ಇರ್ತಿರ್ಲಿಲ್ಲ. ನಿನ್ನ ಕ್ಲಾಸ್ ಶುರುವಾದ್ಮೇಲೆ ಎಲ್ಲ ಬಿದ್ದಲ್ಲೇ ಅವೆ. ಕೀಲಿ ನೀನೇ ಇಟ್ಕೋ ಕಣಮ್ಮ. ನಾಳೆಯಿಂದ ಆರಕ್ಕೇ ಮಲಗ್ಸು."