ಬಂಡವಾಳಶಾಹಿಯೂ ನಮ್ಮ ಸೋದರಮಾವನೂ

ಬಂಡವಾಳಶಾಹಿ ಎನ್ನುವುದು ಕೈಕಾಲು ಇರುವ ಒಬ್ಬ ಮನುಷ್ಯನಾಗಿದ್ದರೆ, ನಮ್ಮ ಸೋದರಮಾವ ದೂರದಲ್ಲಿ ಕಂಡ ಕೂಡಲೇ ಸಿಂಧನೂರಿನ ಯಾವುದಾದರೂ ಸಂದಿಯಲ್ಲಿ ಅಡಗಿಕೊಳ್ಳುತ್ತಿತ್ತು. ಹೆದರಿ ಅಲ್ಲ, ಸಿಕ್ಕಿಬಿದ್ದರೆ ಭಾಷಣ ಕೇಳಬೇಕಾಗುತ್ತದಲ್ಲ ಎಂದು!

ಮಾವ ಅಲ್ಲಿನ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು. ನಾನು ಸಾಲಗುಂದದಿಂದ ಓದಲು ಬಂದು ಅವನ ಮನೆಯಲ್ಲೇ ಇದ್ದೆ. ಅದು ಎಂಬತ್ತರ ದಶಕ. ಕಾಲುವೆ ನೀರಿನಿಂದ ಜೋಳದ ಹೊಲ ಭತ್ತದ ಗದ್ದೆಯಾಗಿ, ಭತ್ತಕ್ಕೊಂದು ರೈಸ್ ಮಿಲ್ಲಾಗಿ, ಮಿಲ್ಲಿನ ಪಕ್ಕದ ಹೊಲವೆಲ್ಲ ಪ್ಲಾಟಾಗಿ ಊರು ಪೂರಿಯಂತೆ ಉಬ್ಬುತ್ತಿತ್ತು. ಮಾವನ ಸಂಶೋಧನೆಯೂ ಅದೇ: ಬಂಡವಾಳ ಹೇಗೆ ಊರನ್ನು ಶಹರ ಮಾಡುತ್ತದೆ? ಸಂಶೋಧನೆಯ ಜೊತೆಗೆ ಹೋರಾಟ ಬೇರೆ. ಎಲ್ಲಿ ಧರಣಿ ಇದ್ದರೂ ಹೆಗಲಿಗೆ ಜೋಳಿಗೆ ಏರಿಸಿ ಹೊರಡುತ್ತಿದ್ದ. ಧರಣಿ ಇಲ್ಲದ ದಿನ ಕಟಿಂಗ್ ಅಂಗಡಿಗೆ ಹೋಗಿ, ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡು ಕೂತವರಿಗೆ ವಿವರಿಸುತ್ತಿದ್ದ. ಅವರು ಎದ್ದು ಓಡುವಂತಿರಲಿಲ್ಲ ನೋಡಿ!

ಇವನು ಲಿಂಗಸುಗೂರಿಗೆ ಹೆಣ್ಣು ನೋಡಲು ಹೋದ ಕಥೆಯನ್ನು ನಮ್ಮವ್ವ ಸೆರಗು ಬಾಯಿಗಿಟ್ಟುಕೊಂಡೇ ಹೇಳುತ್ತಿದ್ದಳು. ಹುಡುಗಿಯ ಅಪ್ಪ ಬಟ್ಟೆ ವ್ಯಾಪಾರಿ. ಹಾಡು ಬರುತ್ತದೆಯೇ, ಕಸೂತಿ ಬರುತ್ತದೆಯೇ ಎಂದು ಕೇಳುವುದು ಬಿಟ್ಟು ಈ ಮಹಾಶಯ ಕೇಳಿದ್ದು:

“ದುಡಿಯಾವ ಒಬ್ಬ, ತಿನ್ನಾವ ಇನ್ನೊಬ್ಬ. ಇದಕ್ಕ ನೀವೇನಂತೀರಿ?”

ಹುಡುಗಿ ಇವನ ಕೈಯಲ್ಲಿದ್ದ ತಟ್ಟೆ ನೋಡಿದಳು. “ಉಪ್ಪಿಟ್ಟು ಮಾಡಿದಾಕಿ ನಾನು, ತಿನ್ನಾಕತ್ತವರು ನೀವು. ನೀವ ಹೇಳ್ರಿ!”

ಮಾವ ಅಲ್ಲೇ ಮಗುಚಿಬಿದ್ದ. ಮದುವೆಯಾಯಿತು.

ಆದರೆ ಮದುವೆಯಾದ ಮೇಲೆ ಮಾತಾಡುವ ಹಕ್ಕನ್ನೆಲ್ಲ ಮಾವ ಒಬ್ಬನೇ ಇಟ್ಟುಕೊಂಡ. ಸಂಪತ್ತಿನ ಸಮಾನ ಹಂಚಿಕೆಗಾಗಿ ಬಡಿದಾಡುವವನಿಗೆ ಇದೊಂದು ಹೊಳೆಯಲೇ ಇಲ್ಲ! ಅತ್ತೆ ರೊಟ್ಟಿ ಬಡಿಯುತ್ತಿದ್ದರೆ ಇವನು ಅಡುಗೆಮನೆಯ ಬಾಗಿಲಲ್ಲಿ ನಿಂತು ನಗರೀಕರಣ ಬಡಿಯುತ್ತಿದ್ದ. ತವರಿನವರು ಪ್ರೆಶರ್ ಕುಕ್ಕರ್ ಕೊಟ್ಟಾಗ, “ಇದು ಕಾರ್ಖಾನಿ ಸೀಟಿ! ಮನ್ಯಾಗ ಬ್ಯಾಡ” ಎಂದು ಹಟ ಹಿಡಿದ. ಅತ್ತೆ ತಣ್ಣಗೆ ಅಂದಳು: “ಹೊಡೀಲಿ ಬಿಡ್ರಿ. ಗ್ಯಾಸ್ ಬಂದ್ ಮಾಡಿದ್ರ ಅದಾದ್ರೂ ಸುಮ್ಮನಾಕ್ಕೈತಿ.”

ಇನ್ನು ಮಸ್ಕಿಯ ಪ್ರಸಂಗ! ಅಲ್ಲಿ ಒಬ್ಬ ಸಾಹುಕಾರ ದೊಡ್ಡ ಕಾಂಪ್ಲೆಕ್ಸ್ ಕಟ್ಟಿಸಿದ್ದ, ಅದರೆದುರು ಧರಣಿ. ಬಸ್ಸಿಳಿದ ಮಾವ ಕಂಡ ಮೊದಲ ಶಾಮಿಯಾನಕ್ಕೆ ನುಗ್ಗಿದ. ಅದು ಉದ್ಘಾಟನೆಯ ಶಾಮಿಯಾನ! ಜೋಳಿಗೆ, ದಪ್ಪ ಕನ್ನಡಕ ಕಂಡು ಯಾರೋ ಭಾರಿ ಅತಿಥಿ ಎಂದುಕೊಂಡು ಹಾರ ಹಾಕಿ ಮೈಕು ಕೊಟ್ಟರು. “ಈ ಕಟ್ಟಡದ ಇಟ್ಟಿಗೆ ಇಟ್ಟಿಗೆಯಲ್ಲೂ ಬೆವರಿದೆ!” ಎಂದು ಮಾವ ಗುಡುಗಿದ. ತನ್ನ ಬೆವರನ್ನೇ ಹೊಗಳುತ್ತಿದ್ದಾರೆಂದು ಸಾಹುಕಾರ ಕಣ್ಣೊರೆಸಿಕೊಂಡ. ಕಡೆಗೆ ಕೊಟ್ಟ ಜಿಲೇಬಿ ಬುಟ್ಟಿಯನ್ನು ಮಾವ ರಸ್ತೆ ದಾಟಿಸಿ ಧರಣಿಯವರಿಗೆ ಹಂಚಿದ. ಘೋಷಣೆ ಕೂಗಬೇಕಾದ ಬಾಯಲ್ಲೆಲ್ಲ ಜಿಲೇಬಿ. ಧರಣಿ ಅಂದು ಬಹಳ ಶಾಂತಿಯುತವಾಗಿ ನಡೆಯಿತು!

ತೊಂಬತ್ತರ ದಶಕ ಕಾಲಿಡುವಾಗ ಆ ಕಾಂಪ್ಲೆಕ್ಸಿನ ಗಾಳಿ ನಮ್ಮ ಬಸ್‌ಸ್ಟ್ಯಾಂಡಿಗೂ ಬಂತು. ಅಲ್ಲಿ ರಸ್ತೆ ಬದಿಯ ಖಾಲಿ ಜಾಗವನ್ನು ಕಾಂಪ್ಲೆಕ್ಸ್ ಕಟ್ಟಿಸಲೆಂದು ಒಬ್ಬ ಧಣಿ ಕೊಂಡ. ಮಿರ್ಚಿ ಬಂಡಿಗಳು, ಜವಳಗೇರಾದಿಂದ ಕಾಯಿಪಲ್ಲೆ ತರುತ್ತಿದ್ದ ಹೆಂಗಸರ ಬುಟ್ಟಿಗಳು, ಎಲ್ಲ ಮರುದಿನವೇ ತೆರವಾಗಬೇಕೆಂದು ಹೇಳಿಕಳಿಸಿದ. ಮಾವ ತನ್ನ ಜೀವಮಾನದ ಭಾಷಣಕ್ಕೆ ಸಜ್ಜಾದ. ಎದುರು ಮನೆಯ ಎಮ್ಮೆಯ ಮುಂದೆ ನಿಂತು ಸಂಜೆಯೆಲ್ಲ ಅಭ್ಯಾಸ ಮಾಡಿದ. ಎಮ್ಮೆ ತಲೆಯಾಡಿಸಿತು. ಬೆಳಗಾಗುವಷ್ಟರಲ್ಲಿ ಮಾವನ ದನಿ ಪೂರ್ತಿ ಬಿದ್ದುಹೋಗಿತ್ತು! ಬಾಯಿ ತೆರೆದರೆ ಪಂಕ್ಚರಾದ ಟ್ಯೂಬಿನ ಹಾಗೆ ಬರೀ ಗಾಳಿ.

ನಾವು ಮೂವರೂ ಹೋದೆವು. ಬಂಡಿಗಳನ್ನು ಎಳೆದು ಹಾಕಲು ಟ್ರ್ಯಾಕ್ಟರ್ ಬಂತು. ಮಾತಿಲ್ಲದ ಮಾವ ಮಾಡುವುದೇನು? ಹೋಗಿ ಗಾಲಿಯ ಮುಂದೆ ಅಂಗಾತ ಮಲಗಿಬಿಟ್ಟ. ಡ್ರೈವರ್ ಅವನ ಹಳೆಯ ವಿದ್ಯಾರ್ಥಿ.

“ಸರ, ಏಳ್ರಿ ಸರ, ಅಂಗಿ ಹೊಲಸಾಕ್ಕೈತಿ.”

ಮಾವನ ತುಟಿ ಅಲ್ಲಾಡಿತು.

“ಏನಂದ್ರಿ ಸರ? ಕೇಳಸವಲ್ದು!” ಎಂದ ಹುಡುಗ, ಪಾಠ ತಪ್ಪಿಹೋದೀತು ಎಂಬಂತೆ ಇಂಜಿನ್ ಬಂದ್ ಮಾಡಿದ. ಬಸ್‌ಸ್ಟ್ಯಾಂಡ್ ಗಪ್‌ಚಿಪ್. ಮಾವ ಎದೆಯುಬ್ಬಿಸಿ ಪ್ರಯತ್ನಿಸಿದ. ಬಂದದ್ದು ಗಾಳಿಯೇ. ಯಾರೋ ಕಿಸಕ್ಕನೆ ನಕ್ಕರು. ಮಾವನ ಕಣ್ಣಲ್ಲಿ ನೀರು ತುಂಬಿದ್ದನ್ನು ನಾನು ಮೊದಲ ಬಾರಿ ಕಂಡೆ.

“ಚಾಲೂ ಮಾಡಲೇ!” ಎಂದು ಧಣಿ ಕೂಗಿದ.

ಆಗ ಕಾಯಿಪಲ್ಲೆಯ ಹೆಂಗಸರ ನಡುವಿನಿಂದ ಅತ್ತೆ ಮುಂದೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ತಡೀರಿ. ಅವರು ಏನು ಹೇಳಬೇಕಂದಾರ ನನಗ ಗೊತ್ತೈತಿ. ಕಾಲುವಿ ತೋಡಿದವರು ಯಾರು? ಮಿಲ್ಲಿನಾಗ ಚೀಲ ಹೊತ್ತವರು ಯಾರು? ಶಹರ ಕಟ್ಟಿದವರನ್ನ ಶಹರದಾಗಿಂದ ಎಬ್ಬಿಸಿ, ಊರು ಬೆಳೀತು ಅಂತೀರೇನು? ಬಸ್ಸಿಳಿದು ಹಸಗೊಂಡು ಬಂದಾವ ನಿಮ್ಮ ಕಾಂಪ್ಲೆಕ್ಸಿನ ಗ್ವಾಡಿ ತಿಂತಾನೇನ್ರಿ?”

ಮಾವ ಮಲಗಿದಲ್ಲಿಂದಲೇ ಕತ್ತೆತ್ತಿ ನೋಡುತ್ತಿದ್ದ. ಕೆಲವು ಮಾತು ಅವನವು, ಅಡುಗೆಮನೆ ಬಾಗಿಲಲ್ಲಿ ಹೇಳಿದವು. ಗೋಡೆ ತಿನ್ನುವ ಆ ಮಾತು ಮಾತ್ರ ಅವನದಲ್ಲ, ಅವಳದೇ. ಡ್ರೈವರ್ ಕೆಳಗಿಳಿದು ಕೀಲಿಯನ್ನು ಜೇಬಿಗೆ ಹಾಕಿಕೊಂಡ. ಜನ ಸೇರಿದರು, ಜಗ್ಗಾಟವಾಯಿತು, ಸಂಜೆಗೆ ಧಣಿ ರಸ್ತೆಯ ಅಂಚಿನ ಪಟ್ಟಿಯನ್ನು ಬಂಡಿಗಳಿಗೆ ಬಿಡಲು ಒಪ್ಪಿದ. ಕಾಂಪ್ಲೆಕ್ಸ್ ಹಿಂದಕ್ಕೆ ಸರಿದು ಎದ್ದಿತು.

ಮನೆಗೆ ಬರುವಾಗ ಮಾವ ಅತ್ತೆಯ ಕಿವಿಯಲ್ಲಿ ಏನೋ ಉಸುರಿದ.

“ಏನಂದ್ರು ಅತ್ತಿ?” ಎಂದೆ.

“ಇಷ್ಟೆಲ್ಲ ನಿನ್ನ ತಲ್ಯಾಗ ಇದ್ದದ್ದು ನನಗ್ಯಾಕ ಹೇಳಲಿಲ್ಲ ಅಂದ್ರು.”

“ನೀ ಏನಂದಿ?”

“ನೀವು ಯಾವಾಗ ಹೇಳಾಕ ಬಿಟ್ಟೀರಿ ಅಂದೆ!”

ಮಾವನ ಗಂಟಲು ವಾರದೊಳಗೇ ಸರಿಹೋಗಿತ್ತೆಂದು ಅದನ್ನು ನೋಡಿದ ಡಾಕ್ಟರು ಆಮೇಲೆ ನನಗೆ ಹೇಳಿದರು. ಮನೆಯಲ್ಲಿ ಮಾವ ಅದನ್ನು ಯಾರಿಗೂ ತಿಳಿಸಲಿಲ್ಲ. ತಿಂಗಳು ಕಳೆದರೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಒಲೆಯ ಪಕ್ಕ ಬೆಳ್ಳುಳ್ಳಿ ಬಿಡಿಸುತ್ತ ಕೂತಿರುತ್ತಿದ್ದ. ಅತ್ತೆ ಮಾತಾಡುತ್ತಿದ್ದಳು.